ಅಕ್ಕಿಚೀಲದ ಜೊತೆ ಬಂದ ಅಮ್ಮಮ್ಮ

ಆಗ ದೂರದವರ ಸುದ್ದಿ ಬೇಕೆಂದರೆ ಕಾಗದವೇ ಗತಿ. ಬರೆದು ಹಾಕಬೇಕು, ಪೋಸ್ಟಿನವನ ಸೈಕಲ್ಲಿನ ದಾರಿ ಕಾಯಬೇಕು. ನಾನಾಗ ಹಿರೇಕೊಟ್ನೆಕಲ್ಲಿನ ಶಾಲೆಯಲ್ಲಿ ಮೂರನೇ ಕ್ಲಾಸು.

ಕಾಲುವೆಗೆ ನೀರು ಬಂದಮೇಲೆ ಗೋದಾವರಿ ಕಡೆಯವರು ಬಂದು ನಮ್ಮ ಸೀಮೆಯಲ್ಲಿ ಹೊಲ ಕೊಂಡು ಊರ ಹೊರಗೆ ಮನೆ ಕಟ್ಟಿಕೊಂಡಿದ್ದರು. ಅದಕ್ಕೆ ನಾವು ಕ್ಯಾಂಪು ಅನ್ನುತ್ತಿದ್ದೆವು. ಅಲ್ಲಿಯ ಸತ್ಯವತಿ ಅಕ್ಕನ ಹೊಲದಲ್ಲಿ ಗೊಬ್ಬರಕ್ಕೆಂದು ನಮ್ಮ ಕುರಿಗಳನ್ನು ರಾತ್ರಿ ತರುಬಿ ನಿಲ್ಲಿಸುತ್ತಿದ್ದೆವು. ಹಾಗೆ ಆದ ಪರಿಚಯ, ನೋಡನೋಡುತ್ತ ಅಕ್ಕ ಮತ್ತು ನಮ್ಮವ್ವ ಒಬ್ಬರನ್ನೊಬ್ಬರು ಬಿಟ್ಟಿರಲಾರದಂತಾದರು. ನನಗೂ ಅಕ್ಕನ ಮಗಳು ಪದ್ಮಳಿಗೂ ಹುಲ್ಲಿನ ಬಣವೆಯಿಂದ ಜಾರುವುದೇ ಆಟ. ಮೈಯೆಲ್ಲ ತುರಿಕೆ, ಮೇಲೆ ಬೈಗುಳ.

ಅಕ್ಕನಿಗಿದ್ದ ಕೊರಗು ಒಂದೇ. ಇತ್ತ ಹೊರಡುವಾಗ ಅವಳ ತಾಯಿ, "ಆ ಮುಳ್ಳುಕಂಟಿ ಸೀಮೆಗೆ ನಾನು ಕಾಲಿಡೋದಿಲ್ಲ" ಅಂದುಬಿಟ್ಟಿದ್ದರಂತೆ. ತಾಯಿ ಒಮ್ಮೆ ಬಂದು ತನ್ನ ಮನೆ ನೋಡಲೆಂದು ಅಕ್ಕ ಬರೆದದ್ದೇ ಬರೆದದ್ದು. ಕಾಲುವೆ ತುಂಬಿದ್ದು, ಎಮ್ಮೆ ಈದದ್ದು, ಹಿತ್ತಲಲ್ಲಿ ಬದನೆ ಬಿಟ್ಟದ್ದು. ತೆಲುಗಿನಲ್ಲಿ ಬರೆದ ಪ್ರತಿ ಸಾಲನ್ನೂ ತನ್ನ ಅರೆಬರೆ ಕನ್ನಡದಲ್ಲಿ ಅವ್ವನಿಗೆ ಹೇಳುತ್ತಿದ್ದಳು. ಅತ್ತಲಿಂದ ಮಾತ್ರ, "ಸಂತೋಷ, ಚೆನ್ನಾಗಿರಿ" ಎಂದಷ್ಟೇ ಉತ್ತರ.

ಆ ವರ್ಷ ದಸರೆ ಮುಗಿದ ಮೇಲೆ ಅವ್ವ ಅಕ್ಕನಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಎಷ್ಟೋ ರೊಟ್ಟಿ ಹರಿದು ಎಮ್ಮೆಯ ಪಾಲಾದವು. ಕೊನೆಗೊಂದು ದಿನ ಅಕ್ಕನ ರೊಟ್ಟಿ ಹಂಚಿನ ಮೇಲೆ ದುಂಡಗೆ ಉಬ್ಬಿತು. ಅವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ.

"ಇದನ್ನ ನಿಮ್ಮವ್ವಗ ಬರಿ ಬೇ! ನಾವೀಗ ದಿನಾ ಜ್ವಾಳದ ರೊಟ್ಟಿನ ಉಣ್ಣಾಕತ್ತೀವಿ ಅಂತ ಬರಿ!"

ಅಕ್ಕ ಹಾಗೆಯೇ ಬರೆದಳು.

ಅದಕ್ಕೆ ಉತ್ತರ ಬರಲಿಲ್ಲ. ಒಂದು ಮಧ್ಯಾಹ್ನ ಮಾನ್ವಿ ಬಸ್ಸು ನಿಂತು, ಮೇಲಿಂದ ಅಕ್ಕಿಚೀಲವೊಂದು ಧೊಪ್ಪೆಂದು ಇಳಿಯಿತು. ಹಿಂದೆಯೇ ಉಪ್ಪಿನಕಾಯಿ ಜಾಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಪದ್ಮಳ ಅಮ್ಮಮ್ಮ! ಓಡಿಬಂದ ಮಗಳನ್ನು ತಬ್ಬಿ ಗೊಳೋ ಎಂದು ಅತ್ತರು.

"ಜೊನ್ನಲು ತಿಂಟುನ್ನಾರಾ ತಲ್ಲೀ?"

ಅವರ ಲೆಕ್ಕದಲ್ಲಿ ಜೋಳ ತಿನ್ನುವುದೆಂದರೆ ಅನ್ನಕ್ಕೂ ಗತಿಯಿಲ್ಲದ ಸ್ಥಿತಿ. ಮಗಳು ಹಸಿದಿದ್ದಾಳೆಂದು ಹೊತ್ತು ತಂದಿದ್ದರು ಆ ಚೀಲವನ್ನು. ಅಕ್ಕ ಅಳುತ್ತ ನಗುತ್ತ ಅವರನ್ನು ಕಣಕ್ಕೆ ಎಳೆದೊಯ್ದಳು. ಅಲ್ಲಿ ಆಗತಾನೇ ಒಕ್ಕಿದ ಭತ್ತದ ರಾಶಿ ಆಳೆತ್ತರಕ್ಕೆ ಬಿದ್ದಿತ್ತು. ಅಮ್ಮಮ್ಮ ರಾಶಿಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದರು.

"ಇಷ್ಟು ಭತ್ತ ಇರೋ ಮನಿಗಿ ಅಕ್ಕಿ ತಂದೀರಲ್ರೀ ಯವ್ವಾ!" ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮರಿ ಜೊನ್ನಲು ಎಂದುಕು?" ಮತ್ತೆ ಜೋಳ ಯಾಕೆ ಎಂಬುದು ಅಮ್ಮಮ್ಮನ ಪ್ರಶ್ನೆ. ಅವ್ವ ಬಿಸಿ ರೊಟ್ಟಿಯ ಮೇಲೆ ಹುಳಿಹುಳಿ ಪುಂಡಿಸೊಪ್ಪಿನ ಪಲ್ಯ ಹಾಕಿ, ಹಸಿ ಎಣ್ಣೆ ಬಿಟ್ಟು ಕೈಗಿತ್ತಳು. "ಮೊದಲ ಉಣ್ರಿ, ಆಮ್ಯಾಗ ಕೇಳ್ರಿ."

ಅಮ್ಮಮ್ಮ ಕೇಳಿದ್ದು ಇನ್ನೊಂದು ರೊಟ್ಟಿಯನ್ನು. ಅವರು ತಂದ ಅಕ್ಕಿಯಲ್ಲಿ ಇಡೀ ಕ್ಯಾಂಪಿಗೆ, ನಮ್ಮ ಓಣಿಗೆ ಊಟವಾಯಿತು. ಉಪ್ಪಿನಕಾಯಿಯ ಖಾರಕ್ಕೆ ನಾನೂ ಪದ್ಮಳೂ ಮೂಗೊರೆಸುತ್ತಲೇ ಉಂಡೆವು. ಅಮ್ಮಮ್ಮ ಸಂಕ್ರಾಂತಿಯವರೆಗೆ ನಿಂತರು. ಹೋಗುವಾಗ ಅದೇ ಚೀಲದ ತುಂಬ ಬಿಳಿಜೋಳ ಒಯ್ದರು.

ಈಗ ಅಮ್ಮಮ್ಮ ಇಲ್ಲ, ನಮ್ಮವ್ವನೂ ಇಲ್ಲ. ಮೊನ್ನೆ ರಾಯಚೂರಿನಿಂದ ಹೋಗಿ ಅಕ್ಕನನ್ನು ಕಂಡೆ. ಪದ್ಮ ಇರುವುದು ನಮ್ಮ ಜಿಲ್ಲೆಯ ಗಬ್ಬೂರಿನಲ್ಲೇ. ಊಟದ ಹೊತ್ತಿಗೆ ಅವಳ ವಿಡಿಯೋ ಕಾಲ್ ಬಂತು. ಅಕ್ಕ ಮಗಳ ತಟ್ಟೆ ನೋಡಿದಳು, ಮಗಳು ಅಕ್ಕನ ತಟ್ಟೆ ನೋಡಿದಳು, ನಾನೂ ಕೈಬೀಸಿದೆ. ಮಾತು ಮುಗಿಯಿತು.

"ಪದ್ಮ ಬಂದು ಎಷ್ಟ್ ದಿನ ಆತಕ್ಕಾ?" ಎಂದೆ.

ಅಕ್ಕ ಫೋನನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. "ಭಾಳ ಆತವ್ವಾ. ನಾನೂ ಹೋಗಿಲ್ಲ. ಉಣ್ಣೋದೆಲ್ಲಾ ಇದರಾಗ ಕಾಣ್ತದ ನೋಡು, ಹೆದರಿಕಿನ ಆಗಂಗಿಲ್ಲ. ನಮ್ಮಮ್ಮ ಹೆದರಿದ್ದಕ್ಕ ಬಸ್ ಹತ್ತಿದ್ಲು."