ಅತ್ತೆಯವರ ಮಂಚ ಯಾವ ಊರಲ್ಲಿ

ಅವತ್ತು ನಾನು ಗುರೆಳ್ಳು ಹುರಿಯುತ್ತಿದ್ದೆ. ಅದು ಚಟಪಟ ಸಿಡಿಯುವ ಹೊತ್ತಿಗೆ ಕೈ ಬಿಡುವಂತಿಲ್ಲ, ಬಿಟ್ಟರೆ ಕರಕಾಗಿ ಚಟ್ನಿ ಕಹಿಯಾಗುತ್ತದೆ. ಸರಿಯಾಗಿ ಆಗಲೇ ಬೆಳಗಾವಿಯ ಆಸ್ಪತ್ರೆಯಿಂದ ನಮ್ಮ ಮನೆಯವರ ಫೋನ್ ಬಂತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು.

“ಆಪರೇಷನ್ ಚಲೋ ಆತು. ಅವ್ವ ಮಾತಾಡಾಕತ್ತಾಳ,” ಎಂದರು.

ಗ್ಯಾಸ್ ಆರಿಸಿ, ನಿಂತಲ್ಲಿಂದಲೇ ದೇವರ ಮನೆಯ ಕಡೆ ತಿರುಗಿ ಕೈ ಮುಗಿದೆ. ಶ್ರಾವಣಕ್ಕೆಂದು ರಾಮದುರ್ಗದ ಸಣ್ಣ ಮಗನ ಮನೆಗೆ ಹೋಗಿದ್ದ ಅತ್ತೆಯವರು ಅಲ್ಲಿಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಸಂದಿನ ಎಲುಬು ಮುರಿದುಕೊಂಡಿದ್ದರು. ತಲೆಗೆ ಪೆಟ್ಟಾಗಲಿಲ್ಲ, ಅದು ಶಿವನ ಕೃಪೆ. ಬಿದ್ದಾಗ ಮನೆಯಲ್ಲಿ ಜನರಿದ್ದರು, ಅದೂ ಅವನ ಕೃಪೆಯೇ.

ಮನೆಯವರ ಮಾತು ಇನ್ನೂ ಮುಗಿದಿರಲಿಲ್ಲ. “ಒಂದೂವರಿ ತಿಂಗಳ ಯಾವುದರೆ ನರ್ಸಿಂಗ್ ಹೋಮಿನ್ಯಾಗ ಇಡಬೇಕಂತ. ದಿನಾ ಕಾಲಿಗೆ ವ್ಯಾಯಾಮ ಮಾಡಸಬೇಕು, ನಡಿಯಾಕ ಕಲಸಬೇಕು. ಮನ್ಯಾಗ ಆಗೂದಲ್ಲ ಅಂದ್ರು ಡಾಕ್ಟರು. ಸಣ್ಣಾಕಿ ರಾಮದುರ್ಗದಾಗ ಇಡೂಣ ಅಂತಾಳ.”

ಸಣ್ಣಾಕಿ ಎಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅವಳ ಮನೆಯಲ್ಲೇ ಬಿದ್ದರು, ಇನ್ನು ಅವಳ ಊರಲ್ಲೇ ಮಲಗಿಸಬೇಕೇ? ಬಾಯಿಗೆ ಬಂದ ಮಾತನ್ನು ನುಂಗಿದೆ.

ನನ್ನ ಸಂಕಟವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ರೋಗಿಯನ್ನು ಒಪ್ಪಿಸಿ ಬರುವ ಜಾಗವಲ್ಲ. ಮನೆಯವರೊಬ್ಬರು ಮಂಚದ ಪಕ್ಕ ಚಾಪೆ ಹಾಸಿಕೊಂಡು ಇರಲೇಬೇಕು, ಮನೆಯಿಂದ ರೊಟ್ಟಿಯ ಗಂಟು ಹೋಗಲೇಬೇಕು. ಹಾಗಾಗಿ ಮಂಚ ಯಾವ ಊರಲ್ಲೋ ಅತ್ತೆಯವರು ಆ ಊರಿನ ಸೊಸೆಯ ಕೈಯಲ್ಲಿ. ಮದುವೆಯಾಗಿ ಬಂದ ದಿನದಿಂದ ನಾನು ಬೈಲಹೊಂಗಲದ ಈ ಮನೆಯಲ್ಲಿ ಅವರ ಜೊತೆಗೇ ಇದ್ದೇನೆ. ನನ್ನ ರೊಟ್ಟಿ ಉಂಡರೆ ಅವರು “ಹೂಂ” ಎನ್ನುತ್ತಾರೆ. ಅವಳ ರೊಟ್ಟಿ ಉಂಡು ಬಂದರೆ ಓಣಿಗೆಲ್ಲ ಹೇಳುತ್ತಾರೆ. ಒಂದೂವರೆ ತಿಂಗಳು ಅವಳ ಕೈಯಲ್ಲಿ ಉಂಡು, ಅವಳ ನಗು ನೋಡಿ ರೂಢಿಯಾದರೆ ಆಮೇಲೆ ನಮ್ಮ ಮನೆಗೆ ತಿರುಗಿ ಬರುತ್ತಾರೆಯೇ? ಅದೊಂದೇ ಭಯ ನನಗೆ.

“ನೀವಿಬ್ಬರೂ ಕೂಡೇ ನೋಡಿ ಬರ್ರಿ,” ಎಂದು ಮನೆಯವರು ಫೋನ್ ಇಟ್ಟರು. “ಹೆಣ್ಣಮಕ್ಕಳ ಕಣ್ಣಿಗೆ ಕಾಣೂದು ನಮಗ ಕಾಣೂದಿಲ್ಲ.”

ಮರುದಿನ ಮೊದಲ ಬಸ್ಸಿಗೆ ನೆಗೆಣ್ಣಿ ಬಂದಳು. ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದರೂ ಸೀರೆಯ ನಿರಿಗೆ ಮುದುಡಿರಲಿಲ್ಲ. ಮೊದಲು ನಮ್ಮೂರಿನ ಹೊಸ ನರ್ಸಿಂಗ್ ಹೋಮಿಗೇ ಕರೆದೊಯ್ದೆ. ಲಿಫ್ಟ್ ಇತ್ತು, ನೆಲಕ್ಕೆ ಮುಖ ಕಾಣುವಂಥ ಫರಸಿ ಇತ್ತು, ಕಮೋಡಿನ ಎರಡೂ ಬದಿಗೆ ಹಿಡಿದು ಏಳಲು ಸ್ಟೀಲಿನ ಕಂಬಿಗಳಿದ್ದವು. ನಾನೇ ಕಟ್ಟಿಸಿದ ಹಾಗೆ ಬೀಗುತ್ತ ಒಂದೊಂದನ್ನೂ ತೋರಿಸಿದೆ.

ಕೌಂಟರಿನ ಹುಡುಗಿ ನೆಗೆಣ್ಣಿಯನ್ನು ನೋಡಿ ನಕ್ಕಳು. “ಬರ್ರಿ ಅಕ್ಕಾರ, ಕುಂದರ್ರಿ.” ಆಮೇಲೆ ನನ್ನ ಕಡೆ ಕೈ ಮಾಡಿ, “ಪೇಶಂಟ್ ಇವರೇನ್ರೀ?” ಎಂದಳು.

ನೆಗೆಣ್ಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಲ್ರೀ ಯವ್ವಾ, ಇವರು ಗಟ್ಟಿ ಅದಾರ. ನಮ್ಮನ್ನೆಲ್ಲಾ ಪೇಶಂಟ್ ಮಾಡವರು ಇವರ.”

ಹುಡುಗಿಗೆ ನಗು ತಡೆಯಲಿಲ್ಲ. ಎಲ್ಲಿ ಹೋದರೂ ಹೀಗೆಯೇ. ನಾನು ಪ್ರಶ್ನೆ ಕೇಳಿದರೆ ಜನ ಉತ್ತರವನ್ನು ಅವಳಿಗೆ ಹೇಳುತ್ತಾರೆ.

ಅಷ್ಟರಲ್ಲಿ ಮೈದುನನ ಫೋನ್ ಬಂತೆಂದು ಅವಳು ಹೊರಗೆ ಹೋದಳು. ವಾರ್ಡಿನ ನರ್ಸ್ ಒಬ್ಬಳು ದಿನಚರಿ ಹೇಳಿದಳು. “ಮುಂಜಾನೆ ಆರಕ್ಕ ಚಾ, ಬಿಸ್ಕೀಟು, ಗುಳಿಗಿ. ಮೈ ಒರಸೂದು ಹತ್ತಕ್ಕ, ಆಯಾ ಬಂದಮ್ಯಾಗ.”

“ಅತ್ತಿಯವರು ಮೈ ತೊಳಕೊಂಡು ಲಿಂಗಪೂಜಿ ಮಾಡಿಕೊಳ್ಳೂ ತನಕ ನೀರೂ ಕುಡಿಯೂದಿಲ್ರೀ,” ಎಂದೆ.

“ಇಲ್ಲಿ ಹಂಗೆಲ್ಲಾ ನಡಿಯೂದಿಲ್ರೀ. ಗುಳಿಗಿ ಹೊತ್ತು ಅಂದ್ರ ಹೊತ್ತು.”

ನೆಗೆಣ್ಣಿ ತಿರುಗಿ ಬಂದಾಗ ನಾನು ಕಿಟಕಿಯ ಪರದೆಯ ಬಟ್ಟೆ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಿದ್ದೆ. ಗುಳಿಗೆಯ ಮಾತು ಎತ್ತಲಿಲ್ಲ.

ಮಧ್ಯಾಹ್ನ ಕಿತ್ತೂರಿಗೆ ಹೋದೆವು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಬಸ್ಸು ಬಿಟ್ಟಿ, ಅದೂ ಒಂದು ಪುಣ್ಯ. ಕಿತ್ತೂರು ಅವಳದೂ ಅಲ್ಲ, ನನ್ನದೂ ಅಲ್ಲ, ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಹುಣಸೆ ಮರದ ನೆರಳಲ್ಲಿದ್ದ ಶಾಂತ ಜಾಗ ಅದು. ಆದರೆ ರೋಗಿಗಳ ಕೋಣೆಗಳೆಲ್ಲ ಮಾಳಿಗೆಯ ಮೇಲೆ, ಲಿಫ್ಟ್ ಇಲ್ಲ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತೊಯ್ಯುತ್ತಾರಂತೆ.

“ಅತ್ತೀರನ್ನ ಹಂಗ ಹೊತ್ತರ ಪಲ್ಲಕ್ಕಿ ಅಂತ ತಿಳಕೊಂಡು ಇಳಿಯಾಕ ಒಲ್ಲೆ ಅಂದಾರು,” ಎಂದಳು ನೆಗೆಣ್ಣಿ. ನನಗೂ ನಗು ಬಂತು. ಅವಳ ಮಾತಿಗೆ ನಗಬಾರದೆಂದು ಎಷ್ಟು ಗಟ್ಟಿ ಮನಸ್ಸು ಮಾಡಿದರೂ ನಗು ಬಂದುಬಿಡುತ್ತದೆ. ಅದಕ್ಕೂ ನನಗೆ ಸಿಟ್ಟು.

ರಾತ್ರಿ ಅವಳು ನಮ್ಮಲ್ಲೇ ಉಳಿದಳು. ಬೆಳಿಗ್ಗೆ ಸವದತ್ತಿ. ಅಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬಂದ ಜನರ ಗದ್ದಲದಲ್ಲಿ ಕುಡಿಯುವ ನೀರಿಗೂ ಸರದಿ ಇತ್ತು. ಅಲ್ಲಿಯ ನರ್ಸಿಂಗ್ ಹೋಮಿಗೆ ಎಲುಬಿನ ಡಾಕ್ಟರು ವಾರಕ್ಕೊಮ್ಮೆ ಮಾತ್ರ ಬರುತ್ತಾರೆ, ವ್ಯಾಯಾಮ ಮಾಡಿಸುವವರು ಯಾವಾಗ ಬರುತ್ತಾರೋ ಅಲ್ಲಿಯವರಿಗೇ ಗೊತ್ತಿಲ್ಲ. ಗುಡ್ಡದ ಕಡೆಗೆ ಕೈ ಮುಗಿದು ರಾಮದುರ್ಗದ ಬಸ್ಸು ಹಿಡಿದೆವು.

ರಾಮದುರ್ಗದ ನರ್ಸಿಂಗ್ ಹೋಮ್ ಹಳೆಯದು. ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ಇನ್ನೂ ಏನಾದರೂ ಕುಂದು ಸಿಕ್ಕೀತೆಂದು ಒಳಗೆ ಹೋದೆ. ಕೋಣೆಗಳೆಲ್ಲ ನೆಲಮಟ್ಟದಲ್ಲೇ ಇದ್ದವು. ಒಂದು ಖಾಲಿ ಮಂಚದ ಪಕ್ಕದ ಗಂಟೆಯ ಗುಂಡಿ ಒತ್ತಿದೆ, ಅದು ಕೆಟ್ಟಿರಲಿ ಎಂಬ ಆಸೆಯಿಂದ. ಹಿರಿಯ ನರ್ಸಮ್ಮ ಓಡಿ ಬಂದರು. ಮೂಲೆಯ ಮಂಚದಲ್ಲಿ ಒಬ್ಬ ಅಜ್ಜಿ ಮಲಗಿದ್ದರು. ನೋಡಿದೆ, ತಲೆ ಬಾಚಿತ್ತು, ಉಗುರು ಕತ್ತರಿಸಿತ್ತು, ಹಾಸಿಗೆಗೆ ವಾಸನೆ ಇರಲಿಲ್ಲ. ಮುದುಕರ ತಲೆ ಬಾಚುವ ವ್ಯವಧಾನ ಇದ್ದಲ್ಲಿ ಉಳಿದದ್ದನ್ನೂ ಮಾಡುತ್ತಾರೆ, ಅದನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ನಿಮ್ಮ ಅಜ್ಜಿ ಲಿಂಗಪೂಜಿ ಮಾಡಕೋತಾರೇನ್ರೀ?” ಎಂದು ನರ್ಸಮ್ಮ ತಾವೇ ಕೇಳಿದರು. “ಅಂಥವರಿಗೆ ನಸಿಕಿನ್ಯಾಗ ಮೊದಲ ಮೈ ಒರಸತೇವ್ರಿ. ಪೂಜಿ ಆದಮ್ಯಾಗನ ಚಾ, ಗುಳಿಗಿ.”

ನಾನು ಕಿಟಕಿಯಾಚೆ ನೋಡುತ್ತ, “ಬಸ್ಸಿನ ಗದ್ದಲ ಭಾಳ ಐತಿ ಇಲ್ಲಿ,” ಎಂದೆ. ನನಗೆ ಸಿಕ್ಕ ಕುಂದು ಅದೊಂದೇ.

ಆಮೇಲೆ ನೆಗೆಣ್ಣಿಯ ಮನೆಯಲ್ಲಿ ಚಹಾ ಕುಡಿದೆವು. ಲೋಟ ಕೆಳಗಿಟ್ಟು ಅವಳು, “ಅಕ್ಕಾರ, ನಿಮ್ಮ ಊರಂದ ಇರಲಿ. ಲಿಫ್ಟ್ ಐತಿ, ಹೊಸಾದೈತಿ. ನಾನ ಅತ್ತೀರಿಗೆ ಹೇಳತೇನಿ,” ಎಂದಳು.

“ರಾಮದುರ್ಗದಾಗ ಇಡೂಣ ಅಂತ ಹಟಾ ಹಿಡದಾಕಿ ನೀನ ಅಲ್ಲೇನ?”

“ನನ್ನ ಮನ್ಯಾಗ ಬಿದ್ದಾರ. ನಾನ ಮಾಡಬೇಕ ಅಂತ ಅನ್ನಿಸಿತ್ರೀ.” ಅವಳ ಕಣ್ಣು ತುಂಬಿತ್ತು. “ಆದ್ರ ನಿಮ್ಮಷ್ಟ ನನಗ ತಿಳಿಯೂದಿಲ್ಲ.”

ರೂಪ ಅವಳದು, ನಗು ಅವಳದು, ಅತ್ತೆಯವರ ಹೊಗಳಿಕೆ ಅವಳದು. ಈ ದೊಡ್ಡ ಮನಸ್ಸಾದರೂ ನನಗೆ ಇರಬಾರದಿತ್ತೇ? ಅದನ್ನೂ ಅವಳೇ ಇಟ್ಟುಕೊಂಡಿದ್ದಾಳೆ. ಗೆದ್ದ ಮೇಲೂ ಸೋತವಳಂತೆ ಬಸ್ಸು ಹತ್ತಿದೆ.

ಮನೆಗೆ ಬಂದು ಸಂಜೆಯ ದೀಪ ಹಚ್ಚಿ ಕಣ್ಣು ಮುಚ್ಚಿ ಕುಳಿತೆ. ಅತ್ತೆಯವರು ನಮ್ಮೂರಿನ ಆ ಹೊಳೆಯುವ ಕೋಣೆಯಲ್ಲಿ ಎಡಗೈಯನ್ನು ಬರಿದೇ ಚಾಚಿ, ಆಯಾ ಯಾವಾಗ ಬಂದಾಳೆಂದು ಬಾಗಿಲು ನೋಡುವುದೇ ಕಣ್ಣಿಗೆ ಕಟ್ಟಿತು. ಲಿಂಗವನ್ನಿಟ್ಟು ಪೂಜಿಸುವ ಎಡಗೈ ಅದು. ದೇವರ ಮುಂದೆ ಕುಳಿತು ಈ ಮಾತನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ.

ಎರಡು ದಿನ ಬಿಟ್ಟು ಬೆಳಗಾವಿಗೆ ಹೋದೆ. ನೇಸರಗಿಯಲ್ಲಿ ಬಸ್ಸು ನಿಂತಾಗ ಅತ್ತೆಯವರಿಗೆಂದು ಪೇರಲ ಹಣ್ಣು ಕೊಂಡೆ. ವಾರ್ಡಿನಲ್ಲಿ ಮನೆಯವರೂ ಮೈದುನನೂ ಇದ್ದರು. ಅತ್ತೆಯವರು ನನ್ನನ್ನು ಕಂಡವರೇ, “ಸಣ್ಣಾಕಿ ಬರಲಿಲ್ಲೇನು?” ಎಂದರು. ಹಣ್ಣಿನ ಚೀಲ ನನ್ನ ಕೈಯಲ್ಲೇ ಉಳಿಯಿತು.

“ಅವ್ವಾ, ಬೈಲಹೊಂಗಲ ಅಂತ ಗಟ್ಟಿ ಮಾಡೇವಿ,” ಎಂದರು ಮನೆಯವರು.

ನಾನು ಬಾಯಿ ತೆರೆದೆ. ಗುಳಿಗೆ ಆರಕ್ಕೆ, ಮೈ ಒರೆಸುವುದು ಹತ್ತಕ್ಕೆ, ರಾಮದುರ್ಗದಲ್ಲಿ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಹಂಗಾರ ರಾಮದುರ್ಗನ ಇರಲಿ,” ಎಂದರು ಅತ್ತೆಯವರು, ಒಂದು ಗಳಿಗೆಯೂ ಯೋಚಿಸದೆ. “ಪೂಜಿ ಆಗದ ನಾ ನೀರು ಮುಟ್ಟಾಕಿ ಅಲ್ಲ.” ಮೈದುನ ಖುಷಿಯಿಂದ ಹೆಂಡತಿಗೆ ಫೋನ್ ಮಾಡಲು ಹೊರಗೆ ಹೋದ.

ಆ ರಾತ್ರಿ ಜೊತೆಗೆ ನಾನೇ ಉಳಿದೆ, ಮಂಚದಲ್ಲೇ ಪಾತ್ರೆ ಇಟ್ಟು ಮೂತ್ರ ಮಾಡಿಸಿದೆ. ಬೆಳಿಗ್ಗೆ ನರ್ಸ್ ಗುಳಿಗೆ ತಂದಳು. ಅತ್ತೆಯವರು ಮೈ ಒರೆಸಿಕೊಂಡಿರಲಿಲ್ಲ, ಪೂಜೆಯೂ ಆಗಿರಲಿಲ್ಲ. ಕೊರಳಲ್ಲಿದ್ದ ಲಿಂಗವನ್ನು ಕಣ್ಣಿಗೊತ್ತಿಕೊಂಡು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದರು. ನಿತ್ಯ ಹೀಗೇ ನಡೆದಿದೆ ಎಂದು ಅವರ ಕೈ ನೋಡಿದರೇ ತಿಳಿಯುತ್ತಿತ್ತು. ಹಾಗಾದರೆ ನಿನ್ನೆ ಹೇಳಿದ್ದು ಬರೀ ನೆಪ.

ನನಗೆ ತಡೆಯಲಾಗಲಿಲ್ಲ. “ಪೂಜಿ ಮಾತು ಯಾಕ ಅತ್ತೀರ? ಆಕಿ ಹಂತೇಕ ಇರಬೇಕ ಅಂತ ಅನ್ನಿಸಿದ್ರ ಹಂಗ ಹೇಳಬೇಕಿತ್ತಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. “ಗಂಡಸರ ಮುಂದ ಏನ ಹೇಳಲಿ? ನಿನ್ನೆ ರಾತ್ರಿ ನೀ ಆ ಪಾತ್ರಿ ಹಿಡದು ನಿಂತಿದ್ದಿ. ನನಗ ಜೀವ ಹೋದಂಗ ಆತು. ಇದಕ್ಕ ಅಂಜಿನ ರಾಮದುರ್ಗ ಅಂದಿದ್ದೆ.”

“ನನಗೇನ ಹೊಲಸ ಅನ್ನಸಲಿಲ್ರೀ.”

“ನಿನಗ ಅನ್ನಸಲಿಲ್ಲ. ನನಗ ಅನ್ನಸಿತು. ಆಕಿ ಮನ್ಯಾಗ ನಾ ನಾಕ ದಿನದ ಬೀಗರಿದ್ದಂಗ, ಆಕಿ ಮಾಡಿದ್ರ ಮಾಡಲಿ. ನಮ್ಮ ಮನ್ಯಾಗ ನಾ ನಿನಗ ಅಡಗಿಗೆ ಉಪ್ಪ ಎಷ್ಟಂತ ಹೇಳಾಕಿ. ನಾಳೆ ನೀ ನನ್ನ ಮಾರಿ ನೋಡಿದಾಗೆಲ್ಲಾ ಈ ಪಾತ್ರಿ ನೆನಪಾಗಬಾರದು. ನಡಕೋತ ಬರತೇನಿ. ಅಲ್ಲೀ ತನಕ ಮನಿ ಕೀಲಿಕೈ ನಿನ್ನ ಹಂತೇಕ ಇರಲಿ, ಬಂದಮ್ಯಾಗ ಮತ್ತ ನನಗ ಕೊಡಬೇಕ ನೋಡ.”

ಅತ್ತೆಯವರು ತಿರುಗಿ ಬರುತ್ತಾರೆ. ನನ್ನ ಭಯಕ್ಕೆ ಅವರ ಬಾಯಿಂದಲೇ ಉತ್ತರ ಸಿಕ್ಕಿತು. ಇದಕ್ಕಿಂತ ದೊಡ್ಡ ಕೃಪೆಯನ್ನು ಶಿವನಲ್ಲಿ ಕೇಳಲಾರೆ. ಆದರೂ ಬೈಲಹೊಂಗಲದ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ರಾಮದುರ್ಗದ ಆ ಮಂಚ. ಅಲ್ಲಿ ನೆಗೆಣ್ಣಿ ಅತ್ತೆಯವರ ತಲೆ ಬಾಚುತ್ತಾಳೆ, ಏನೋ ಒಂದು ಹೇಳಿ ನಗಿಸುತ್ತಾಳೆ. ನನ್ನ ಮುಂದೆ ನಾಚುವ ಆ ಜೀವ ಅವಳ ಮುಂದೆ ನಾಚದೆ ಒರಗಿಕೊಳ್ಳುತ್ತದೆ. ಯಜಮಾನಿಕೆಯ ಮಾತು ನನಗೆ, ಆ ಸಲಿಗೆ ಅವಳಿಗೆ. ನನಗೆ ಎರಡೂ ಬೇಕಿತ್ತು.

ಓಣಿಗೆ ಬಂದಾಗ ಪಕ್ಕದ ಮನೆಯವರು ಕೂಗಿ ಹೇಳಿದರು, “ನಳ ಬಂದಾವ್ರೀ, ಲಗೂನ ತುಂಬಿಕೊಳ್ರಿ, ಈಗ ಹೋದ್ವು ಅಂದ್ರ ಮತ್ತ ಯಾವಾಗೋ!”

ಚೀಲವನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಕೊಡ ತೊಳೆದು ನಳದ ಕೆಳಗಿಟ್ಟೆ.