ಮೇಷ್ಟ್ರ ಚಕ್ರಕ್ಕೊಂದು ಮುಚ್ಚಳ

ಸ್ವಯಂವರಕ್ಕೆ ಬಂದ ರಾಜರನ್ನೂ ಯಾರೂ ಇಷ್ಟು ಪರೀಕ್ಷಿಸಿರಲಾರರು. ನಿವೃತ್ತ ಭೂಗೋಳ ಮೇಷ್ಟ್ರು ಒಂದು ಹಬ್‌ಕ್ಯಾಪ್, ಅಂದರೆ ಕಾರಿನ ಚಕ್ರದ ಮುಚ್ಚಳ, ಆರಿಸಲು ಎಂಟು ತಿಂಗಳು ತೆಗೆದುಕೊಂಡರು. ಅವರ ಐವತ್ತು ವರ್ಷದ ಕಾರಿಗೆ ಹೊಸ ಉಕ್ಕಿನ ಚಕ್ರಗಳು ಬಂದಮೇಲೆ ಹಳೆಯ ಮುಚ್ಚಳಗಳು ಅವುಗಳ ಮೇಲೆ ನಿಲ್ಲದೆ ಉದುರಿಹೋದವು. ಅಂದಿನಿಂದ ಪ್ರತಿ ಶನಿವಾರ ಒಂದು ಚಕ್ರವನ್ನು ಮೊಮ್ಮಗುವಿನಂತೆ ಎತ್ತಿಕೊಂಡು ಗುಜರಿ ಅಂಗಡಿಗೆ ಬರುತ್ತಾರೆ. ಮುಚ್ಚಳವೊಂದನ್ನು ಅಂಗೈಯಿಂದ ಗುದ್ದಿ ಕೂರಿಸಿ, ಚಕ್ರವನ್ನು ಉರುಳಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟು, "ಊಹೂಂ" ಎನ್ನುತ್ತಾರೆ. ಊರಿಗೆಲ್ಲ ಟೋಪಿ ಹಾಕಿದ ಗುಜರಿಯವನಿಗೆ ಈ ಚಕ್ರಕ್ಕೊಂದು ಟೋಪಿ ಹಾಕಲಾಗಲಿಲ್ಲ. ನಲವತ್ತನೆಯದು ಅಚ್ಚು ಹೊಯ್ದಂತೆ ಕೂತಾಗ ಅವನ ತಾಳ್ಮೆ ಕೆಟ್ಟಿತು. "ಉಗುರು ತೂರೋಷ್ಟೂ ಸಂದಿಲ್ಲ ಮೇಷ್ಟ್ರೆ! ಇನ್ನೇನಾಗ್ಬೇಕು?" "ಗಲಗಲ ಅನ್ಬೇಕಪ್ಪ," ಎಂದರು ಮೇಷ್ಟ್ರು, ಕಳ್ಳತನ ಒಪ್ಪಿಕೊಂಡವರಂತೆ. ಕಾರಣವನ್ನೂ ಹೇಳಿದರು: ಎರಡು ವರ್ಷದಿಂದ ಅವರ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಕಾರು ಬೀದಿ ತಿರುಗುವಾಗಲೇ ಹಳೆಯ ಮುಚ್ಚಳದ ಸದ್ದಿನಿಂದ ಗಂಡನ ಗುರುತು ಹಿಡಿಯುತ್ತಿದ್ದರು. ಈಗ ಸದ್ದಿಲ್ಲದೆ ಬಂದ ಗಂಡನನ್ನೇ ಬೆಚ್ಚಿಬಿದ್ದು "ಯಾರದು?" ಎಂದು ಕೇಳುತ್ತಾರೆ. ಗುಜರಿಯವನು ಬೀಳದಷ್ಟು ಬಿಗಿ, ಸುಮ್ಮನಿರದಷ್ಟು ಸಡಿಲವಾದದ್ದೊಂದನ್ನು ಹುಡುಕಿ ಸಿಕ್ಕಿಸಿ ಉರುಳಿಸಿದ. ಅದು ಗಲಗಲ ಎಂದಿತು. "ಇನ್ನು ಅಮ್ಮಾವ್ರಿಗೆ ಧೈರ್ಯ ಬರುತ್ತೆ ಬಿಡಿ," ಎಂದ. "ಧೈರ್ಯಕ್ಕೇನು, ಅವಳ ಹತ್ರ ಬೇಕಾದಷ್ಟಿದೆ," ಎಂದರು ಮೇಷ್ಟ್ರು. "ಸದ್ದು ಕೇಳಿದ್ರೆ ಟೀಗೆ ನೀರಿಡ್ತಾಳೆ. ಎಂಟು ತಿಂಗಳಿಂದ ಟೀ ತಡ ಆಗ್ತಿದೆ ಕಣಯ್ಯ."