ಗಂಗಮ್ಮ ಬಿಟ್ಟುಹೋದ ತಪೇಲಿ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಪಾತ್ರೆಗೆ ತವರ ಬಳಿಯುವ ಕಲಾಯಿಯವನು ಬಂದಿದ್ದ. ಈಗ ಎಲ್ಲರ ಮನೆಯಲ್ಲೂ ಸ್ಟೀಲು. ಅವನ ಕೂಗಿಗೆ ಬಾಗಿಲು ತೆರೆಯುವವಳು ನಾನೊಬ್ಬಳೇ ಇರಬೇಕು. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದು ಹೊಗೆ ಎದ್ದದ್ದೇ ತಡ, ನನಗೆ ಮತ್ತೆ ಹದಿನೇಳು ವರ್ಷವಾಯಿತು. ನಗಬೇಡಿ, ಆ ವಯಸ್ಸಿನಲ್ಲಿ ನಾನು ಒಂದು ಸಾವಕಾರಿಕೆಯನ್ನೇ ಮುಳುಗಿಸಲು ಹೊರಟಿದ್ದೆ.

ನಿಜಾಮರ ಕಾಲದ ತಾಂಡೂರು. ನಾನು ಮದುವೆಯಾಗಿ ಬಂದ ಹೊಸತು. ಮಾವನವರದು ತೊಗರಿ ವ್ಯಾಪಾರ. ಓಣಿಯವರು ಉಳಿಸಿದ ದುಡ್ಡನ್ನು ಬ್ಯಾಂಕಿಗಲ್ಲ, ಅವರ ಕೈಗೆ ಕೊಡುತ್ತಿದ್ದರು. ಅದಕ್ಕೆ ಅಮಾನತ್ತು ಎನ್ನುವುದು. ಆ ದುಡ್ಡು ತೊಗರಿಯಾಗಿ, ತೊಗರಿ ರೈಲು ಹತ್ತಿ, ಮತ್ತೆ ದುಡ್ಡಾಗಿ ಬರುತ್ತಿತ್ತು. ಆ ವರ್ಷ ದೊಡ್ಡ ಪೇಟೆಗಳಲ್ಲೇ ಸಾಲ ಹುಟ್ಟುತ್ತಿರಲಿಲ್ಲ. ಪಕ್ಕದೂರಿನ ಸಾವಕಾರನೊಬ್ಬ ಹೇಳದೆ ಕೇಳದೆ ಬಾಗಿಲು ಹಾಕಿ ಹೋಗಿದ್ದ. ಅಂದಿನಿಂದ ಜನ ನಮ್ಮ ಬಾಗಿಲನ್ನೂ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದರು.

ಇಂಥ ದಿನಗಳಲ್ಲಿ, ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ, ನಾನು ಹೊಸ ಸೊಸೆಯ ಚುರುಕು ತೋರಿಸಿದೆ. ಮನೆಯ ತಾಮ್ರ ಹಿತ್ತಾಳೆಯನ್ನೆಲ್ಲ ಬಂಡಿಗೆ ಹೇರಿಸಿ, ಸ್ಟೇಷನ್ ಹತ್ತಿರದ ಬೇವಿನ ಮರದಡಿ ಕೂರುವ ಕಲಾಯಿಯವನಿಗೆ ಕಳಿಸಿಬಿಟ್ಟೆ. ನಮ್ಮಲ್ಲೊಂದು ಪದ್ಧತಿ ಇದೆ: ಪಾತ್ರೆಗಳೆಲ್ಲ ಒಟ್ಟಿಗೆ ಹೊಸ್ತಿಲು ದಾಟಬಾರದು, ಒಂದಾದರೂ ಒಲೆಯ ಬಳಿ ಉಳಿಯಬೇಕು. ನನಗೆ ಗೊತ್ತಿತ್ತು. ಆದರೆ ಉಳಿದದ್ದೊಂದು ಮಸಿ ಹಿಡಿದೇ ಇರುತ್ತದಲ್ಲ ಎಂಬ ಚಿಂತೆ!

ಬಂಡಿ ಸ್ಟೇಷನ್ ಕಡೆ ತಿರುಗಿದ್ದನ್ನು ಓಣಿ ಕಂಡಿತು. ಅತ್ತೆ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಮುಂದೆ ನಿಂತವಳು ಗಂಗಮ್ಮ. ತೊಗರಿ ಒಡೆದು ಬೇಳೆ ಮಾಡುವ ಕೂಲಿಯಲ್ಲಿ ಮಗಳ ಮದುವೆಗೆಂದು ಕೂಡಿಸಿದ್ದನ್ನು ಮಾವನ ಬಳಿ ಇಟ್ಟವಳು.

"ಸಾವಕಾರ್ರ, ಮನಿ ತಾಮ್ರದ ಭಾಂಡಿ ಎಲ್ಲಾ ರೈಲಿಗಿ ಹೋದ್ವು. ನೀವು ಯಾವಾಗ ಹೊಂಟೀರಿ?"

"ಎಲ್ಲೂ ಹೋಗಂಗಿಲ್ಲವ್ವ," ಎಂದರು ಮಾವ. "ಖರೇ ಹೇಳ್ತೀನಿ, ಗಲ್ಲೆದಾಗ ರೊಕ್ಕ ನಾಕ ಮಂದಿಗಿ ಆಗೋಷ್ಟ ಅದ. ಉಳಿದದ್ದು ತೊಗರ್ಯಾಗ ಅದ. ಎಂಟ ದಿನ ತಡದ್ರ ಎಲ್ಲಾರಿಗೂ ಕೊಡ್ತೀನಿ. ಇವತ್ತೇ ಎಲ್ಲಾರೂ ಕೇಳಿದ್ರ ನಾನೂ ಬಾಗಿಲು ಹಾಕಬೇಕಾಗ್ತದ."

"ಮೊದಲ ಉಣ್ರಿ, ಆಮ್ಯಾಲ ಮಾತು," ಎಂದು ಒಳಗೆ ಹೋದ ಅತ್ತೆ ಬರಿಗೈಲಿ ತಿರುಗಿ ಬಂದರು. "ಭಾಂಡಿ ಎಲ್ಲ್ಯಾವ?"

"ಕಲಾಯಿಗಿ ಕಳಿಸೀನ್ರಿ ಅತ್ತಿ," ಎಂದೆ ಬಾಗಿಲ ಹಿಂದಿನಿಂದ.

"ಎಲ್ಲಾ?"

"ಎಲ್ಲಾರಿ."

"ಯಾ ಹುಚ್ಚಿ ಎಲ್ಲಾ ಭಾಂಡಿ ಒಮ್ಮೆಗೇ ಕಳಿಸ್ತಾಳ? ಸುಳ್ಳ!" ಎಂದಳು ಗಂಗಮ್ಮ.

ಅತ್ತೆ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದರು. "ಈ ಹುಚ್ಚಿ. ಮುಖ ನೋಡು, ಸುಳ್ಳ ಹೇಳೋವಷ್ಟ ಬುದ್ಧಿ ಅದಾ? ಹೋಗ್ರಿ, ನಿಮ್ಮ ನಿಮ್ಮ ಭಾಂಡಿ ತರ್ರಿ, ಅದ್ರಾಗೇ ಕುದಸ್ತೀನಿ."

ಯಾರೋ ನಕ್ಕರು. ದುಡ್ಡು ಒಯ್ಯಲು ಬಂದವರು ಮನೆಗೆ ಹೋಗಿ ಪಾತ್ರೆ ತಂದರು. ಮಾವ ಗಂಗಮ್ಮನಿಗೇ ಮೊದಲು ಪೂರ್ತಿ ಎಣಿಸಿ ಕೊಟ್ಟರು. ಅವಳು ಸೆರಗಿನಲ್ಲಿ ಗಂಟು ಕಟ್ಟಿ ಉಣ್ಣಲು ಕೂತಳು. ನಾನು ಬಡಿಸುತ್ತ ನೋಡುತ್ತಿದ್ದೆ: ಒಂದು ತುತ್ತು ರೊಟ್ಟಿ, ಒಮ್ಮೆ ಗಂಟಿನ ಮೇಲೆ ಕೈ, ಒಂದು ತುತ್ತು, ಮತ್ತೆ ಗಂಟು. ಕೈ ತೊಳೆದವಳು ಗಂಟು ಬಿಚ್ಚಿ ಮಾವನ ಮುಂದೆ ಇಟ್ಟಳು.

"ಉಣ್ಣಾಕೇ ಬಿಡವಲ್ದು ಇದು, ಮಲಗಾಕ ಹೆಂಗ ಬಿಡ್ತದ? ತೊಗರಿ ಹೋದ ಮ್ಯಾಲೇ ಕೊಡ್ರಿ."

ಇಬ್ಬರು ಮಾತ್ರ ತಮ್ಮದನ್ನು ತೆಗೆದುಕೊಂಡರು, ಅವರದು ತಪ್ಪೆನ್ನಲಾರೆ. ಉಳಿದವರು ದುಡ್ಡು ಕೇಳದೆಯೇ ಎದ್ದುಹೋದರು. ಒಂಬತ್ತನೆಯ ದಿನ ತೊಗರಿ ಮಾರಾಟವಾಯಿತು, ಗಂಗಮ್ಮನ ಮಗಳ ಮದುವೆಯೂ ಆಯಿತು.

ಪಾತ್ರೆಯನ್ನು ಖಾಲಿ ಮರಳಿಸಬಾರದೆಂದು ಅತ್ತೆ ಅಂದು ಎಲ್ಲರದಕ್ಕೂ ಒಣ ಬೇಳೆ ತುಂಬಿ ಕೊಟ್ಟಿದ್ದರು. ಗಂಗಮ್ಮ ಬೇಳೆಯನ್ನು ಸೆರಗಿಗೆ ಸುರಿದುಕೊಂಡು ತಪೇಲಿಯನ್ನು ಒಲೆಯ ಬಳಿಯೇ ಇಟ್ಟಳು. "ಇದು ಇಲ್ಲೇ ಇರ್ಲಿ, ಅಮಾನತ್ತು. ನಿಮ್ಮ ಸೊಸಿ ಮತ್ತ ಎಲ್ಲಾ ಕಳಿಸಿದ್ರ, ಒಂದಾರ ಉಳಿಬೇಕಲ್ಲ."

ನನ್ನ ಮಕ್ಕಳಿಗೆ ಈ ಕಥೆ ಹೇಳುವಾಗ ತಪ್ಪನ್ನೆಲ್ಲ ಕಲಾಯಿಯವನ ತಲೆಗೆ ಕಟ್ಟಿದ್ದೆ. ಇವತ್ತು ಸೊಸೆ ಪಾತ್ರೆ ಹೊರಗಿಡುತ್ತ ಒಂದು ತಪೇಲಿಯ ಅಂಚಿನಲ್ಲಿ ಕೊರೆದ ಹೆಸರು ಓದಿದಳು: "ಗಂಗಮ್ಮ ಅಂದ್ರ ಯಾರ್ರಿ ಅತ್ತಿ?" ಹೊಗೆಯ ಎದುರು ಕೂತವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ, ಇದ್ದದ್ದು ಇದ್ದಂತೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ತಪೇಲಿಯನ್ನು ಎತ್ತಿ ಒಳಗೆ ಒಯ್ದು ಒಲೆಯ ಬಳಿ ಇಟ್ಟು ಬಂದಳು.

"ಉಳಿದವು ಬರ್ಲಿ. ಆಮ್ಯಾಲ ಇದು ಹೋಗ್ಲಿ."